ಕುಸಿದದ್ದು ಯಾರ ಮನೆ?

ಎಂ.ಎ. ಓದುವಾಗ ನಮಗೆ ಚಿನುವಾ ಅಚೆಬೆಯ 'ಥಿಂಗ್ಸ್ ಫಾಲ್ ಅಪಾರ್ಟ್' ಪಠ್ಯವಾಗಿತ್ತು. 1958ರಲ್ಲಿ ಬಂದ ಕಾದಂಬರಿ. ನೈಜೀರಿಯಾದ ಇಗ್ಬೊ ಜನರ ಒಂದು ಹಳ್ಳಿ, ಒಕೊಂಕ್ವೊ ಅನ್ನುವ ಜಗಜಟ್ಟಿ, ಅವನ ಏಳುಬೀಳು, ಪಾದ್ರಿಗಳು ಬಂದದ್ದು, ಅವರ ಹಿಂದೆಯೇ ಬಿಳಿಯರ ಕೋರ್ಟು ಜೈಲು ಬಂದದ್ದು, ಕೊನೆಗೆ ಒಕೊಂಕ್ವೊ ನೇಣು ಹಾಕಿಕೊಂಡದ್ದು. ಮೇಷ್ಟ್ರು ಒಳ್ಳೆಯವರು, ಓದಿಕೊಂಡವರು. ನಾಲ್ಕು ದಿನ ಒಕೊಂಕ್ವೊನ ದುರಂತ ಪಾಠ ಮಾಡಿದರು. ಒಂದು ಜನಾಂಗದ ದೇವರು, ಹಬ್ಬ, ಗಾದೆ, ಬದುಕುವ ಕ್ರಮ ಎಲ್ಲ ಹೇಗೆ ಪರಕೀಯರ ಧರ್ಮದ ಏಟಿಗೆ ಚೂರಾಯಿತು ಅಂತ ಹೇಳುವಾಗ ಅವರ ದನಿ ನಡುಗಿತು. ಹದಿನೆಂಟನೇ ಅಧ್ಯಾಯಕ್ಕೆ ಬಂದಾಗ ಮಾತ್ರ, 'ಇಲ್ಲಿ ಕೆಲವು ಬಹಿಷ್ಕೃತರು ಚರ್ಚು ಸೇರುತ್ತಾರೆ, ಸಮಾಜ ಒಡೆಯುವುದಕ್ಕೆ ಇದೇ ಆರಂಭ' ಅಂದು ಪುಟ ಮಗುಚಿದರು. ಐದು ನಿಮಿಷ ಆಗಿದ್ದರೆ ಹೆಚ್ಚು.

ಸಂಜೆ ಹಾಸ್ಟೆಲ್ಲಿಗೆ ಬಂದು, ನಿಘಂಟು ತೊಡೆಯ ಮೇಲಿಟ್ಟುಕೊಂಡು ಆ ಐದಾರು ಪುಟ ಓದಿದೆ. ಓದಿ ಎದ್ದು ಕೂತೆ. ಅಲ್ಲಿದ್ದವರು ನಮ್ಮವರು.

ಓಸು ಅಂದರೆ ದೇವರಿಗೆ ಬಿಟ್ಟವನು. ಅವನನ್ನೋ ಅವನ ಮುತ್ತಾತನನ್ನೋ ಯಾವುದೋ ಕಾಲದಲ್ಲಿ ಒಂದು ದೇವರಿಗೆ ಒಪ್ಪಿಸಿದ್ದಾರೆ. ಅಷ್ಟಕ್ಕೇ ಅವನು, ಅವನ ಮಕ್ಕಳು, ಮೊಮ್ಮಕ್ಕಳು ಎಂದೆಂದಿಗೂ ಹೊರಗು. ಊರಿನವರ ಸಭೆಗೆ ಅವನು ಬರುವಂತಿಲ್ಲ. ಊರಿನವರು ಅವನ ಮನೆಗೆ ಹೋಗುವಂತಿಲ್ಲ. ಹೆಣ್ಣು ಕೊಡುವಂತಿಲ್ಲ, ತರುವಂತಿಲ್ಲ. ಗುಡಿಯ ಹತ್ತಿರ ಅವರಿಗೇ ಬೇರೆ ಕೇರಿ. ತಲೆಗೆ ಕತ್ತಿ ತಾಗಿಸುವಂತಿಲ್ಲ, ಆದ್ದರಿಂದ ಜಡೆಗಟ್ಟಿದ ಕೂದಲೇ ಅವನ ಗುರುತು. ಸತ್ತರೆ ಹೂಳುವುದು ಊರಿನ ಸ್ಮಶಾನದಲ್ಲಲ್ಲ, ಕೆಟ್ಟ ಕಾಡಿನಲ್ಲಿ.

ಜಡೆ ಅಂದಕೂಡಲೇ ನನಗೆ ನೆನಪಾದವರು ಸವದತ್ತಿಯ ಹಾದಿಯ ಜೋಗತಿಯರು. ಹುಡುಗಿಯ ತಲೆಯಲ್ಲಿ ಕೂದಲು ಗಂಟುಬಿದ್ದರೆ ಎಲ್ಲಮ್ಮ ಕರೆದಳು ಅಂತಾರೆ. ಕತ್ತರಿ ಹಾಕಿದರೆ ಸಾಯ್ತೀಯ ಅಂತಾರೆ. ದೇವರಿಗೆ ಬಿಡುವುದು ಅಂದರೆ ಏನು ಅಂತ ನಮ್ಮ ಕೇರಿಗಳಿಗೆ ಯಾವ ಆಫ್ರಿಕಾದ ಕಾದಂಬರಿಯೂ ಹೇಳಿಕೊಡಬೇಕಾಗಿಲ್ಲ. ಆದರೆ ಅಚೆಬೆ ಬರೆದ ಮುಂದಿನ ಸಂಗತಿ ನನಗೆ ಗೊತ್ತಿರಲಿಲ್ಲ.

ಒಂದು ಭಾನುವಾರ ಇಬ್ಬರು ಓಸುಗಳು ಆ ಹೊಸ ಚರ್ಚಿಗೆ ಬರುತ್ತಾರೆ. ಒಳಗಿದ್ದ ಹೊಸ ಕ್ರೈಸ್ತರು ದಡಕ್ಕನೆ ಏಳುತ್ತಾರೆ. ಪಕ್ಕ ಕೂತವರು ದೂರ ಸರಿಯುತ್ತಾರೆ. ಇವರನ್ನು ಸೇರಿಸಿಕೊಂಡರೆ ಊರು ನಮ್ಮನ್ನು ನೋಡಿ ನಗುತ್ತದೆ ಅನ್ನುತ್ತಾರೆ. ಬಾಗಿಲಲ್ಲಿ ಗಟ್ಟಿಯಾಗಿ ನಿಂತವನು ಯಾರು? ಬಿಳಿ ಪಾದ್ರಿಯಲ್ಲ. ಕಿಯಾಗಾ ಅನ್ನುವ ಕರಿಯ ಉಪದೇಶಿ. ಊರು ನಗಲಿ, ಇವರು ಒಳಗೇ ಇರುತ್ತಾರೆ ಅನ್ನುತ್ತಾನೆ. ಆಮೇಲೆ ಓಸುಗಳಿಗೆ ಹೇಳುತ್ತಾನೆ: ಮೊದಲು ಹೋಗಿ ಆ ಜಡೆ ಬೋಳಿಸಿಕೊಂಡು ಬನ್ನಿ. ಅವರಿಗೆ ಜೀವಭಯ. ಬೋಳಿಸಿಕೊಂಡರೆ ಸತ್ತೇ ಹೋಗುತ್ತೇವೆ ಅನ್ನುತ್ತಾರೆ. ಬೋಳಿಸಿಕೊಳ್ಳುತ್ತಾರೆ. ಸಾಯುವುದಿಲ್ಲ. ಅಷ್ಟೇ ಕಥೆ. ಆ ಹಳ್ಳಿಯ ಓಸುಗಳು ಹೆಚ್ಚುಕಡಿಮೆ ಎಲ್ಲರೂ ಅವರ ಹಿಂದೆ ಚರ್ಚಿಗೆ ನಡೆಯುತ್ತಾರೆ.

ಇವರಿಗಿಂತ ಮೊದಲು ಅಲ್ಲಿಗೆ ಬಂದ ಹೆಂಗಸು ಯಾರು ಗೊತ್ತೇ? ನಾಲ್ಕು ಸಲ ಅವಳಿಜವಳಿ ಹೆತ್ತು ನಾಲ್ಕು ಸಲವೂ ಆ ಕೂಸುಗಳನ್ನು ಕಾಡಿಗೆ ಎಸೆಸಿಕೊಂಡ ತುಂಬು ಬಸುರಿ. ಅವಳಿ ಮಕ್ಕಳು ಅನಿಷ್ಟ ಅನ್ನುವುದು ಆ ಊರಿನ ಧರ್ಮ. ಮತ್ತೆ ಒಕೊಂಕ್ವೊನ ಸ್ವಂತ ಮಗ ನ್ವೋಯೆ. ಮನೆಯಲ್ಲಿ ಅಣ್ಣನ ಹಾಗೆ ಬೆಳೆದ ಹುಡುಗನೊಬ್ಬನನ್ನು ದೇವರ ಮಾತಿನಂತೆ ಕಡಿದುಹಾಕಿದರಲ್ಲ, ಅಪ್ಪಾ ಅಂತ ಓಡಿಬಂದವನ ಮೇಲೆ ಅಪ್ಪನೇ ಕತ್ತಿ ಬೀಸಿದನಲ್ಲ, ಅದನ್ನು ಮರೆಯಲಾಗದವನು. ತ್ರಿಯೇಕ ದೇವರ ತರ್ಕ ನ್ವೋಯೆಗೆ ಅರ್ಥವೇ ಆಗಲಿಲ್ಲ ಅಂತ ಅಚೆಬೆಯೇ ಹೇಳುತ್ತಾನೆ. ಅವನಿಗೆ ತಾಗಿದ್ದು ಕತ್ತಲಲ್ಲಿ ಕೂತವರ ಬಗ್ಗೆ ಅವರು ಹಾಡಿದ ಹಾಡು.

ಈಗ ಕೇಳಿ. ಕುಸಿದದ್ದು ಯಾರ ಮನೆ? ಒಕೊಂಕ್ವೊನದು ಕುಸಿಯಿತು, ಒಪ್ಪೋಣ. ಓಸುವಿಗೆ ಆ ಮನೆಯೊಳಗೆ ಯಾವತ್ತು ಜಾಗ ಇತ್ತು? ತನ್ನದಲ್ಲದ ಮನೆ ಬಿದ್ದದ್ದಕ್ಕೆ ಅವನು ಯಾಕೆ ಅಳಬೇಕು? ನಮ್ಮ ವಿಮರ್ಶಕರು ಈ ಕಾದಂಬರಿಯನ್ನು ಸಂಪ್ರದಾಯ ಮತ್ತು ಆಧುನಿಕತೆಯ ಘರ್ಷಣೆ ಅಂತ ಓದಿದ್ದಾರೆ, ಸ್ವಂತಿಕೆ ಕಳೆದುಕೊಂಡವರ ಶೋಕಗೀತೆ ಅಂತ ಓದಿದ್ದಾರೆ. ಅವರು ಕಾದಂಬರಿಯನ್ನು ಒಕೊಂಕ್ವೊನ ಜಗಲಿಯ ಮೇಲೆ ಕೂತು ಓದಿದವರು. ಅಚೆಬೆ ಹಾಗೆ ಬರೆಯಲಿಲ್ಲ. ಅವನ ಅಪ್ಪ ಚರ್ಚಿನ ಉಪದೇಶಿ, ಊರೂರು ತಿರುಗಿ ಬೋಧಿಸಿದವನು. ಮಗ ಎರಡೂ ಕಡೆ ಕಣ್ಣಿಟ್ಟು ಬರೆದ. ಕೊನೆಯ ಪುಟ ನೋಡಿ: ಆತ್ಮಹತ್ಯೆ ಮಾಡಿಕೊಂಡವನ ಹೆಣ ಮೈಲಿಗೆ, ಕುಲದವರು ಮುಟ್ಟುವಂತಿಲ್ಲ, ಹೊರಗಿನವರೇ ಬಂದು ಇಳಿಸಿ ಹೂಳಬೇಕು. ಓಸುವನ್ನು ಮುಟ್ಟದ ಕುಲ ಕೊನೆಗೆ ತನ್ನ ಜಗಜಟ್ಟಿಯನ್ನೂ ಮುಟ್ಟಲಿಲ್ಲ. ಇದನ್ನು ನಮಗೆ ಯಾರೂ ಪಾಠ ಮಾಡಲಿಲ್ಲ.

ಇಷ್ಟು ಹೇಳಿದ ಕೂಡಲೇ ಒಂದು ಪ್ರಶ್ನೆ ಬರುತ್ತದೆ, ಬಂದೇ ಬರುತ್ತದೆ. 'ಹಾಗಾದರೆ ನೀನು ಬಿಳಿಯರ ವಸಾಹತುಶಾಹಿಯನ್ನು ಸಮರ್ಥಿಸುತ್ತೀಯಾ?' ಗೆಳೆಯರೊಬ್ಬರು ಕೇಳಿದರು. ಆ ಹಳೆಯ ತಮಾಷೆಯನ್ನೂ ಹೇಳಿದರು: ಪಾದ್ರಿಗಳು ಬಂದಾಗ ಅವರ ಕೈಯಲ್ಲಿ ಬೈಬಲ್ಲು, ನಮ್ಮ ಕೈಯಲ್ಲಿ ಭೂಮಿ, ಕಣ್ಣು ಮುಚ್ಚಿ ಪ್ರಾರ್ಥಿಸಿ ಅಂದರು, ಕಣ್ಣು ಬಿಟ್ಟಾಗ ನಮ್ಮ ಕೈಯಲ್ಲಿ ಬೈಬಲ್ಲು, ಅವರ ಕೈಯಲ್ಲಿ ಭೂಮಿ. ನಿಜವೇ. ಕೆನ್ಯಾದ ಎತ್ತರದ ಜಮೀನುಗಳನ್ನು, ದಕ್ಷಿಣ ಆಫ್ರಿಕಾದ ಮುಕ್ಕಾಲು ನೆಲವನ್ನು ನೋಡಿದರೆ ತಮಾಷೆ ಅಲ್ಲವೇ ಅಲ್ಲ. ಆದರೆ ತಮಾಷೆ ಅಲ್ಲಿಗೇ ನಿಂತುಬಿಡುತ್ತದೆ. ಕೈಗೆ ಬಂದ ಆ ಪುಸ್ತಕವನ್ನು ಕರಿಯರು ಏನು ಮಾಡಿದರು ಅಂತ ಯಾರೂ ಮುಂದೆ ಕೇಳುವುದಿಲ್ಲ. ಅವರೇನು ಮಕ್ಕಳೇ, ಕೊಟ್ಟದ್ದನ್ನು ನುಂಗುವುದಕ್ಕೆ?

ಲೆಕ್ಕ ನೋಡಿ. 1900ರಲ್ಲಿ ಇಡೀ ಆಫ್ರಿಕಾದಲ್ಲಿ ಕ್ರೈಸ್ತರು ಸುಮಾರು 1 ಕೋಟಿ. ಅದರಲ್ಲೂ ಬಹಳಷ್ಟು ಜನ ಈಜಿಪ್ಟಿನ ಕಾಪ್ಟರು, ಇಥಿಯೋಪಿಯಾದವರು. ಇವರಿಗೆ ಬಿಳಿಯರ ಹಂಗಿಲ್ಲ. ಇಥಿಯೋಪಿಯಾದ ದೊರೆ ಎಜಾನಾ ಕ್ರೈಸ್ತನಾದದ್ದು 4ನೇ ಶತಮಾನದಲ್ಲಿ. ಇಂಗ್ಲೆಂಡಿನ ದೊರೆಗಳು ಕ್ರೈಸ್ತರಾಗುವುದಕ್ಕೆ ಆಗಿನ್ನೂ ಇನ್ನೂರು ವರ್ಷಕ್ಕೂ ಹೆಚ್ಚು ಬಾಕಿ. ಇವತ್ತು ಆಫ್ರಿಕಾದ ಕ್ರೈಸ್ತರು 60 ಕೋಟಿಗೂ ಹೆಚ್ಚು. ಯುರೋಪಿನಲ್ಲಿರುವುದಕ್ಕಿಂತ ಜಾಸ್ತಿ. ಈ ಬೆಳೆ ಬಂದದ್ದು ಯಾವಾಗ? 1960ರ ಒಂದೇ ವರ್ಷದಲ್ಲಿ ಆಫ್ರಿಕಾದ 17 ದೇಶಗಳು ಸ್ವತಂತ್ರವಾದವು. ಬಿಳಿಯರು ಗಂಟುಮೂಟೆ ಕಟ್ಟಿದರು, ಇನ್ನು ಅವರ ಧರ್ಮವೂ ಕಟ್ಟುತ್ತದೆ ಅಂತ ಎಷ್ಟೋ ಪಂಡಿತರು ಅಂದುಕೊಂಡರು. ಆದದ್ದು ತಿರುಗಾ. ಬೆಳೆದದ್ದರಲ್ಲಿ ಬಹುಪಾಲು ಬೆಳೆದದ್ದು ಅವರು ಹೋದ ಮೇಲೆಯೇ. ಧಣಿ ಊರು ಬಿಟ್ಟ ಮೇಲೆ ಬೆಳೆದ ಪೈರನ್ನು ಧಣಿಯ ಬೆಳೆ ಅನ್ನುವುದು ಯಾವ ನ್ಯಾಯ?

ಬಿತ್ತಿದವರು ಯಾರು ಅಂತ ನೋಡಬೇಕು. ಲೈಬೀರಿಯಾದ ವಿಲಿಯಂ ವಾಡೆ ಹ್ಯಾರಿಸ್ ಅನ್ನುವವನು ಜೈಲಿನಲ್ಲಿದ್ದಾಗ ತನಗೆ ದರ್ಶನವಾಯಿತು ಅಂದ. ಜೈಲಿಂದ ಬಂದವನು ಬರಿಗಾಲಲ್ಲಿ ಹೊರಟ. ಮೈಮೇಲೆ ಬಿಳಿ ನಿಲುವಂಗಿ, ಕೈಯಲ್ಲಿ ಬಿದಿರಿನ ಶಿಲುಬೆ, ನೀರು ತುಂಬಿದ ಒಂದು ಸೋರೆಬುರುಡೆ, ಒಂದು ಬೈಬಲ್ಲು. ಜೊತೆಗೆ ಹಾಡುವ ಹೆಂಗಸರು. ನಮ್ಮ ಕಡೆಯ ನೀಲಗಾರರೋ ಕಂಸಾಳೆಯವರೋ ಊರಿಂದೂರಿಗೆ ನಡೆದ ಹಾಗೆ 1913ರಿಂದ 1914ರವರೆಗೆ ಐವರಿ ಕೋಸ್ಟಿನ ಕರಾವಳಿ ಉದ್ದಕ್ಕೂ ನಡೆದ. 1 ಲಕ್ಷಕ್ಕೂ ಮೀರಿದ ಜನ ಅವನ ಬುರುಡೆ ನೀರಿಗೆ ತಲೆಯೊಡ್ಡಿದರು. ಯಾವ ಮಿಷನ್ನಿನ ಸಂಬಳವೂ ಅವನಿಗಿರಲಿಲ್ಲ. ಫ್ರೆಂಚ್ ಸರ್ಕಾರಕ್ಕೆ ಇದು ಸಹಿಸಲಿಲ್ಲ. ಅವನನ್ನು ಹಿಡಿದು ಗಡಿಯಾಚೆ ಅಟ್ಟಿದರು, ಅವನ ಜನ ಕಟ್ಟಿಕೊಂಡಿದ್ದ ಪ್ರಾರ್ಥನೆಯ ಗುಡಿಸಲುಗಳನ್ನು ಕೆಡವಿದರು. ಹತ್ತು ವರ್ಷ ಆದಮೇಲೆ, 1924ರಲ್ಲಿ, ಮೆಥಡಿಸ್ಟ್ ಪಾದ್ರಿಗಳು ಅಲ್ಲಿಗೆ ಹೋದಾಗ ಜನ ಇನ್ನೂ ಹ್ಯಾರಿಸ್ ಹೇಳಿದ ಮಾತು ಹಿಡಿದುಕೊಂಡು ಕಾಯುತ್ತಿದ್ದರು. ಪಾದ್ರಿಗಳು ಹೊಸದಾಗಿ ಬಿತ್ತಲಿಲ್ಲ, ನಿಂತ ಪೈರಿಗೆ ಬೇಲಿ ಹಾಕಿದರು.

ಕಾಂಗೋದ ಸೈಮನ್ ಕಿಂಬಾಂಗುವಿನದು ಇನ್ನೂ ಕ್ರೂರ. 1921ರಲ್ಲಿ ಅವನು ಎನ್‌ಕಂಬಾ ಅನ್ನುವ ತನ್ನ ಹಳ್ಳಿಯಲ್ಲಿ ರೋಗಿಗಳ ಮೇಲೆ ಕೈಯಿಟ್ಟು ಪ್ರಾರ್ಥಿಸಲು ಶುರು ಮಾಡಿದ. ಜನ ತೋಟದ ಕೂಲಿ ಬಿಟ್ಟು ಅವನ ಕಡೆಗೆ ನಡೆದರು. ಕೂಲಿ ನಿಂತರೆ ಸರ್ಕಾರಕ್ಕೆ ದೇವರೂ ರಾಜದ್ರೋಹಿಯೇ. ಐದಾರು ತಿಂಗಳಲ್ಲಿ ಬೆಲ್ಜಿಯಂ ಸರ್ಕಾರ ಅವನನ್ನು ಹಿಡಿದು ಮರಣದಂಡನೆ ಕೊಟ್ಟಿತು. ಅಲ್ಲಿನ ದೊರೆ ಅದನ್ನು ಜೀವಾವಧಿ ಮಾಡಿದ. ಕಿಂಬಾಂಗು ಬೋಧಿಸಿದ್ದು ಕೆಲವೇ ತಿಂಗಳು, ಜೈಲಿನಲ್ಲಿದ್ದದ್ದು 30 ವರ್ಷ. 1951ರಲ್ಲಿ ಜೈಲಿನಲ್ಲೇ ಸತ್ತ. ಹೊರಗೆ ಅವನ ಹೆಂಡತಿ ಮರಿ ಮುಯಿಲು ಗುಟ್ಟಾಗಿ ಆ ಜನರನ್ನು ಕಾಪಾಡಿಕೊಂಡು ಬಂದಳು. 1959ರಲ್ಲಿ ಸರ್ಕಾರ ಆ ಚರ್ಚನ್ನು ಒಪ್ಪಿಕೊಳ್ಳಬೇಕಾಯಿತು. 1969ರಲ್ಲಿ ಜಗತ್ತಿನ ಚರ್ಚುಗಳ ಒಕ್ಕೂಟವೂ ಸೇರಿಸಿಕೊಂಡಿತು. ಇದೇ ಕಾಂಗೋ ನಾಡಿನಲ್ಲಿ ಅವನಿಗಿಂತ ಇನ್ನೂರು ವರ್ಷ ಮೊದಲು ಕಿಂಪಾ ವೀಟಾ ಅನ್ನುವ ಇಪ್ಪತ್ತರ ಆಸುಪಾಸಿನ ಹುಡುಗಿ, ಯೇಸು ಹುಟ್ಟಿದ್ದು ಕಾಂಗೋದಲ್ಲೇ, ಅವನು ನಮ್ಮವನೇ ಅಂದಳು. 1706ರಲ್ಲಿ ಅವಳನ್ನು ಸುಟ್ಟರು. ಸುಡಿಸಿದವರಲ್ಲಿ ಪಾದ್ರಿಗಳೂ ಇದ್ದರು. ಇದನ್ನು ಬಿಳಿಯರ ಧರ್ಮದ ಚರಿತ್ರೆ ಅಂತ ಕರೆಯಬೇಕೋ, ಕರಿಯರ ಬಂಡಾಯದ ಚರಿತ್ರೆ ಅಂತ ಕರೆಯಬೇಕೋ ನೀವೇ ಹೇಳಿ.

ಇನ್ನು ಭಾಷೆಯ ಸಂಗತಿ. ಇದು ಕನ್ನಡದವರಾದ ನಮಗೆ ಹತ್ತಿರದ್ದು. ಕಿಟೆಲ್ ಹೆಸರು ನಮ್ಮ ಹಳ್ಳಿಶಾಲೆಯ ಮೇಷ್ಟ್ರುಗಳಿಗೆಲ್ಲ ಗೊತ್ತು. 1894ರ ಅವನ ನಿಘಂಟು ಗೊತ್ತು. ಅವನನ್ನು ಕಳಿಸಿದ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬರುವುದಕ್ಕೆ ಮೊದಲೇ, 1828ರಲ್ಲಿ, ಇವತ್ತಿನ ಘಾನಾ ಆಗಿರುವ ಗೋಲ್ಡ್ ಕೋಸ್ಟಿಗೆ ಹೋಗಿತ್ತು. ಅಲ್ಲಿಯೂ ಒಬ್ಬ ಕಿಟೆಲ್ ಇದ್ದ. ಅವನ ಹೆಸರು ಕ್ರಿಸ್ಟಾಲರ್. 1871ರಲ್ಲಿ ಟ್ವಿ ಭಾಷೆಗೆ ಬೈಬಲ್ ತಂದ, 1881ರಲ್ಲಿ ಆ ಭಾಷೆಯ ದೊಡ್ಡ ನಿಘಂಟು ಮಾಡಿದ. ಒಂದೇ ಮನೆಯಿಂದ ಹೊರಟ ಇಬ್ಬರು, ಒಬ್ಬ ನಮ್ಮ ಮಾತಿಗೆ, ಇನ್ನೊಬ್ಬ ಅವರ ಮಾತಿಗೆ. ಆದರೆ ಇಲ್ಲೊಂದು ವ್ಯತ್ಯಾಸ ಇದೆ. ಕನ್ನಡದಲ್ಲಿ ಆ ಹೊತ್ತಿಗೆ ಸಾವಿರ ವರ್ಷದ ಬರಹ ಇತ್ತು. ಆ ಬರಹ ಯಾರ ಮನೆಯ ಅಟ್ಟದಲ್ಲಿತ್ತು ಅನ್ನುವುದು ಬೇರೆ ಮಾತು. ಆಫ್ರಿಕಾದ ಎಷ್ಟೋ ಮಾತುಗಳು ಮೊದಲ ಸಲ ಅಚ್ಚಿನ ಮುಖ ಕಂಡದ್ದು ಬೈಬಲ್ಲಿನಲ್ಲಿ. ಗಾಂಬಿಯಾದಲ್ಲಿ ಮುಸ್ಲಿಮನಾಗಿ ಹುಟ್ಟಿ ಕ್ರೈಸ್ತನಾದ ಲಾಮಿನ್ ಸಾನ್ನೆ ಅನ್ನುವ ವಿದ್ವಾಂಸ 1989ರ ತನ್ನ ಪುಸ್ತಕದಲ್ಲಿ ವಾದಿಸುವುದು ಇದನ್ನೇ: ಅನುವಾದಕ್ಕೆ ಕೂತ ಮಿಷನರಿ ತನಗೆ ಗೊತ್ತಿಲ್ಲದೆಯೇ ಯಜಮಾನಿಕೆ ಬಿಟ್ಟುಕೊಟ್ಟ. ದೇವರು ಅನ್ನುವುದಕ್ಕೆ ಅವನು ಆ ಜನರದೇ ಹೆಸರು ಇಟ್ಟುಕೊಳ್ಳಬೇಕಾಯಿತು. ಇಗ್ಬೊದಲ್ಲಿ ಚುಕ್ವು, ಯೊರುಬಾದಲ್ಲಿ ಒಲೊರುನ್, ಗಿಕುಯುದಲ್ಲಿ ಎಂಗಾಯ್. ಹಳೆ ದೇವರ ಹೆಸರು ಹೊಸ ಪುಸ್ತಕದೊಳಗೆ ಬಂದು ಕೂತ ಮೇಲೆ, ಆ ಪುಸ್ತಕ ಏನು ಹೇಳುತ್ತದೆ ಅಂತ ತೀರ್ಮಾನಿಸುವವನು ಆ ಭಾಷೆಯವನೇ ಹೊರತು ಪಾದ್ರಿಯಲ್ಲ.

ಸಾನ್ನೆಯ ಮಾತು ನನಗೆ ಮುಕ್ಕಾಲು ಒಪ್ಪಿಗೆ. ಕಾಲು ಭಾಗ ಯಾಕಿಲ್ಲ ಅಂದರೆ ಸ್ಯಾಮ್ಯುಯೆಲ್ ಅಜಾಯಿ ಕ್ರೌಥರ್‌ನ ಕಾರಣಕ್ಕೆ. ಯೊರುಬಾ ಹುಡುಗ. 1821ರಲ್ಲಿ ಗುಲಾಮರ ಬೇಟೆಗೆ ಸಿಕ್ಕಿದವನು, ಹಡಗಿನಿಂದ ಬಿಡುಗಡೆಯಾಗಿ ಓದಿ, ತನ್ನ ಭಾಷೆಗೆ ಬೈಬಲ್ ತರುವ ಕೆಲಸಕ್ಕೆ ಹೆಗಲು ಕೊಟ್ಟು, 1864ರಲ್ಲಿ ಬಿಷಪ್ ಆದ. ಆಂಗ್ಲಿಕನ್ ಚರ್ಚಿನ ಮೊದಲ ಆಫ್ರಿಕನ್ ಬಿಷಪ್. ಅವನ ಮುಪ್ಪಿನಲ್ಲಿ, ಇಂಗ್ಲೆಂಡಿಂದ ಬಂದ ಎಳೆ ವಯಸ್ಸಿನ ಬಿಳಿ ಪಾದ್ರಿಗಳು ಅವನ ಕೈಕೆಳಗಿನ ಕರಿಯ ಉಪದೇಶಿಗಳನ್ನು ಅಯೋಗ್ಯರು ಅಂತ ಕಿತ್ತುಹಾಕಿದರು. ಮುದುಕ ನೊಂದು 1891ರ ಕೊನೆಯ ದಿನ ತೀರಿಕೊಂಡ. ಅವನ ಜಾಗಕ್ಕೆ ಬಿಳಿಯನನ್ನು ತಂದು ಕೂರಿಸಿದರು. ಗ್ರಂಥ ನಿಮ್ಮ ಭಾಷೆಯಲ್ಲಿರಲಿ, ಕುರ್ಚಿ ಮಾತ್ರ ನಮ್ಮದಿರಲಿ ಅನ್ನುವ ನ್ಯಾಯ. ಇದು ನಮಗೂ ಪರಿಚಯದ್ದೇ. ಮೀಸಲಾತಿಯ ಕುರ್ಚಿಯಲ್ಲಿ ಕೂತವನ ಯೋಗ್ಯತೆಯನ್ನು ದಿನಾ ಅಳೆಯುವವರು ನಮ್ಮ ಕಚೇರಿಗಳಲ್ಲಿ ಕಮ್ಮಿಯೇ? ಆ ಸಿಟ್ಟಿನ ದಿನಗಳಲ್ಲೇ ಲಾಗೋಸಿನ ಕರಿಯರು ಬಿಳಿಯರ ಚರ್ಚಿನಿಂದ ಹೊರನಡೆದು ತಮ್ಮದೇ ಚರ್ಚು ಕಟ್ಟತೊಡಗಿದರು.

ಹೊಟ್ಟೆಯ ಮಾತನ್ನೂ ಆಡಬೇಕು. ಅಚೆಬೆಯ 'ಆ್ಯರೋ ಆಫ್ ಗಾಡ್' (1964) ಕಾದಂಬರಿಯಲ್ಲಿ ಎಜೆಯುಲು ಅನ್ನುವ ಮುಖ್ಯ ಪೂಜಾರಿ ಇದ್ದಾನೆ. ಹೊಸ ಗೆಣಸಿನ ಹಬ್ಬದ ದಿನ ಸಾರಬೇಕಾದವನು ಅವನೇ. ಅವನು ಸಾರದೆ ಯಾರೂ ಹೊಲಕ್ಕೆ ಗುದ್ದಲಿ ಹಾಕುವಂತಿಲ್ಲ. ಬಿಳಿ ಅಧಿಕಾರಿ ಅವನನ್ನು ಜೈಲಿನಲ್ಲಿಟ್ಟ ತಿಂಗಳುಗಳ ಲೆಕ್ಕ ತಪ್ಪಿದೆ, ಊರಿನ ಮೇಲೆ ಅವನಿಗೆ ಸಿಟ್ಟೂ ಇದೆ. ಹಬ್ಬ ಸಾರುವುದಿಲ್ಲ. ಬೆಳೆ ನೆಲದೊಳಗೆ, ಜನ ಹಸಿವಿನಲ್ಲಿ. ಆಗ ಚರ್ಚಿನ ಉಪದೇಶಿ ಹೇಳುತ್ತಾನೆ, ನಿಮ್ಮ ಗೆಣಸು ಇಲ್ಲಿ ತಂದು ಒಪ್ಪಿಸಿ, ಯಾವ ದೋಷವೂ ತಾಗುವುದಿಲ್ಲ. ಜನ ತರುತ್ತಾರೆ. ಇಡೀ ಊರಿನ ಧರ್ಮ ಒಂದು ಸುಗ್ಗಿಯಲ್ಲಿ ಬದಲಾಗಿಬಿಡುತ್ತದೆ. ಇದನ್ನು ಆಮಿಷ ಅಂತ ಕರೆಯುವವರು ಇದ್ದಾರೆ. ಪಂಚಾಂಗ ಹಿಡಿದುಕೊಂಡು ಕಣಜದ ಬಾಗಿಲಿಗೆ ಬೀಗ ಹಾಕಿ ಕೂತ ಪೂಜಾರಿಗೆ ಏನಂತ ಕರೆಯುತ್ತಾರೋ ಅವರನ್ನು ಕೇಳಬೇಕು.

ಇಲ್ಲಿಯವರೆಗೆ ಓದಿದವರು ನಾನು ಶಿಲುಬೆಗೆ ಹೂ ಏರಿಸುತ್ತಿದ್ದೇನೆ ಅಂದುಕೊಂಡಿರಬಹುದು. ಇಲ್ಲ. ಕ್ಯಾಮರೂನಿನ ಮೊಂಗೊ ಬೇಟಿ 1956ರಲ್ಲಿ ಬರೆದ ಕಾದಂಬರಿಯನ್ನು ಓದಿ. ಬೊಂಬಾ ಅನ್ನುವ ಮಿಷನ್ನಿನಲ್ಲಿ ಮದುವೆಗೆ ಮುಂಚೆ ಹೆಣ್ಣುಮಕ್ಕಳನ್ನು ಧರ್ಮಪಾಠದ ಹೆಸರಲ್ಲಿ ತಿಂಗಳುಗಟ್ಟಲೆ ಒಂದು ಮನೆಯಲ್ಲಿಡುತ್ತಾರೆ. ಹಗಲೆಲ್ಲ ಬಿಟ್ಟಿ ದುಡಿತ, ರಾತ್ರಿ ಮಿಷನ್ನಿನ ಗಂಡಸರ ಪಾಲು. ಪಾದ್ರಿಗೆ ಇದು ಕೊನೆಯವರೆಗೂ ಕಾಣುವುದೇ ಇಲ್ಲ. ಕಥೆ ಹೇಳುವವನು ಅವನನ್ನೇ ನಂಬಿದ ಒಬ್ಬ ಆಳು ಹುಡುಗ. ಅದಕ್ಕೇ ಅದು ಅಷ್ಟು ಚುಚ್ಚುತ್ತದೆ. ದಕ್ಷಿಣ ಆಫ್ರಿಕಾದ ಡಚ್ ಚರ್ಚು 1857ರಲ್ಲಿ 'ಕೆಲವರ ದೌರ್ಬಲ್ಯ'ದ ನೆಪ ಹೇಳಿ ಬಿಳಿಯರು ಕರಿಯರು ಬೇರೆಬೇರೆ ಪೂಜೆ ಮಾಡಬಹುದು ಅಂದಿತು. ಒಂದೇ ಬಟ್ಟಲಿನಲ್ಲಿ ಕುಡಿಯಲಾರದ್ದು ದೌರ್ಬಲ್ಯವಂತೆ! ನೂರು ವರ್ಷ ತುಂಬುವ ಮೊದಲೇ, 1948ರಲ್ಲಿ, ಆ ದೌರ್ಬಲ್ಯವೇ ದೇಶದ ಕಾನೂನಾಯಿತು. 1985ರಲ್ಲಿ ಅಲ್ಲಿನ ಕರಿಯ ಪಾದ್ರಿಗಳು ಮತ್ತು ಅವರ ಸಂಗಾತಿಗಳು ಕೈರೋಸ್ ಅನ್ನುವ ಹೇಳಿಕೆ ಬರೆದು, ಸರ್ಕಾರದ ದೇವರು ಬೇರೆ, ನಮ್ಮ ದೇವರು ಬೇರೆ ಅಂತ ಬಾಯಿಬಿಟ್ಟು ಹೇಳಬೇಕಾಯಿತು.

ರುವಾಂಡಾ ಬಗ್ಗೆ ಬರೆಯುವುದಕ್ಕೆ ನನಗೆ ಕೈ ಏಳುವುದಿಲ್ಲ, ಆದರೂ ಬಿಡುವಂತಿಲ್ಲ. ಆಫ್ರಿಕಾದಲ್ಲೇ ಅತಿ ಹೆಚ್ಚು ಕ್ರೈಸ್ತರಾದ ದೇಶಗಳಲ್ಲಿ ಒಂದು. 1994ರಲ್ಲಿ ಸುಮಾರು ನೂರು ದಿನಗಳಲ್ಲಿ ಲಕ್ಷಾಂತರ ಟುಟ್ಸಿಗಳನ್ನು ಕೊಂದರು. ಚರ್ಚಿನಲ್ಲಿ ಮುಟ್ಟಲಾರರು ಅಂತ ಜನ ಓಡಿ ಒಳಗೆ ಸೇರಿಕೊಂಡರು, ಅಲ್ಲೇ ಕೊಚ್ಚಿದರು. ನ್ಯಾಂಗೆ ಅನ್ನುವ ಊರಲ್ಲಿ ಚರ್ಚನ್ನೇ ಬುಲ್ಡೋಜರಿನಿಂದ ಒಳಗಿದ್ದವರ ಮೇಲೆ ಕೆಡವಿದರು. ಆ ಚರ್ಚಿನ ಪಾದ್ರಿಗೆ ಅಂತರರಾಷ್ಟ್ರೀಯ ನ್ಯಾಯಮಂಡಳಿ 2008ರಲ್ಲಿ ಜೀವಾವಧಿ ಶಿಕ್ಷೆ ಕೊಟ್ಟಿತು. ಕೊಂದವರೂ ಸತ್ತವರೂ ಒಂದೇ ಹಾಡು ಹಾಡಿದವರು. ಬೆಲ್ಜಿಯಂನವರು ಗುರುತಿನ ಚೀಟಿಯಲ್ಲಿ ಬರೆಸಿಹೋದ ಜನಾಂಗದ ಹೆಸರು ದೀಕ್ಷಾಸ್ನಾನದ ನೀರಿಗೂ ಅಳಿಸಿರಲಿಲ್ಲ.

ಇವತ್ತಿನ ಮಾತಿಗೆ ಬಂದರೆ, ಲಾಗೋಸ್‌ನಿಂದ ಇಬಾದಾನಿಗೆ ಹೋಗುವ ಹೆದ್ದಾರಿ ಪಕ್ಕ ಒಂದು ಚರ್ಚು ಇಡೀ ಪಟ್ಟಣವನ್ನೇ ಕಟ್ಟಿಕೊಂಡಿದೆ. ಅದನ್ನು 1952ರಲ್ಲಿ ಶುರು ಮಾಡಿದವನು ಅಕ್ಷರ ಬಾರದ ಬಡವ. 1981ರಲ್ಲಿ ಅದರ ಮುಖ್ಯಸ್ಥನಾದವರು ವಿಶ್ವವಿದ್ಯಾನಿಲಯದಲ್ಲಿ ಗಣಿತ ಹೇಳುತ್ತಿದ್ದ ಮೇಷ್ಟ್ರು. ಆ ಎರಡು ತಲೆಮಾರಿನ ನಡುವೆ ಏನೇನಾಯಿತು? 1986ರಲ್ಲಿ ನೈಜೀರಿಯಾ ಸಾಲ ಕೊಡುವವರ ಷರತ್ತಿಗೆ ಒಗ್ಗಿ ರೂಪಿಸಿದ ಆರ್ಥಿಕ ನೀತಿಯಿಂದ ಹಣದ ಬೆಲೆ ಬಿತ್ತು, ಆಸ್ಪತ್ರೆ ಶಾಲೆ ಸೊರಗಿದವು, ಓದಿದ ಹುಡುಗರಿಗೆ ಕೆಲಸ ಇಲ್ಲ. ಔಷಧಿ ಇಲ್ಲದ ಊರಲ್ಲಿ ಪವಾಡಕ್ಕೆ ಗಿರಾಕಿ ಇದ್ದೇ ಇರುತ್ತದೆ. ದಶಾಂಶ ಕೊಡು, ದೇವರು ಹತ್ತರಷ್ಟು ಕೊಡ್ತಾನೆ ಅನ್ನುವ ಬೋಧನೆ ಹಬ್ಬಿತು. ಕೆಲವು ಬೋಧಕರಿಗೆ ಸ್ವಂತ ವಿಮಾನಗಳೇ ಬಂದವು. ಕಿಂಬಾಂಗು ಜೈಲಿಗೆ ಹೋದ ಹಾದಿಯಲ್ಲಿ ಇವರು ವಿಮಾನ ಹತ್ತಿದರು. ಹಾಗಂತ ಆ ಬಯಲಲ್ಲಿ ರಾತ್ರಿಯಿಡೀ ಕೂತು ಅಳುವವರನ್ನು ಮೂಢರು ಅಂತ ನಾನು ಅನ್ನಲಾರೆ. ನಮ್ಮವ್ವ ನನ್ನ ಡಿಗ್ರಿ ಪರೀಕ್ಷೆಗೆ ಮೂರು ದೇವರಿಗೆ ಹರಕೆ ಹೊತ್ತವಳು.

ಕೆನ್ಯಾದ ಗೂಗಿ ವಾ ಥಿಯಾಂಗೊ ಇದನ್ನೆಲ್ಲ ಮುಂಚೆಯೇ ಕಂಡಿದ್ದ. ಜೇಮ್ಸ್ ಅನ್ನುವ ದೀಕ್ಷೆಯ ಹೆಸರನ್ನೇ ಕಿತ್ತೆಸೆದವನು. 1977ರ ಕೊನೆಯಲ್ಲಿ, ಹಳ್ಳಿಗರ ಜೊತೆ ನಾಟಕ ಆಡಿಸಿದ್ದಕ್ಕೆ ಅವನನ್ನು ವಿಚಾರಣೆಯಿಲ್ಲದೆ ಜೈಲಿಗೆ ಹಾಕಿದರು. ಹಾಕಿದ್ದು ಬಿಳಿಯರಲ್ಲ, ಸ್ವತಂತ್ರ ಕೆನ್ಯಾದ ಕರಿಯ ದೊರೆಗಳು. ಅಲ್ಲಿ ಶೌಚದ ಕಾಗದದ ಮೇಲೆ ಗಿಕುಯು ಭಾಷೆಯಲ್ಲಿ ಬರೆದ ಕಾದಂಬರಿಯಲ್ಲಿ ಶಿಲುಬೆಗೆ ಏರುವವನು ಸೈತಾನ. ಏರಿಸುವವರು ಚಿಂದಿ ಬಟ್ಟೆಯ ಜನ. ಮೂರು ದಿನಕ್ಕೆ ಸೂಟು ಬೂಟಿನವರು ಬಂದು ಅವನನ್ನು ಕೆಳಗಿಳಿಸಿ ಕಾಪಾಡುತ್ತಾರೆ. ನಾನು ಕ್ರೈಸ್ತನಲ್ಲ ಅಂದವನಿಗೂ ತನ್ನ ಜನರ ಜೊತೆ ಮಾತಾಡಲು ಬೈಬಲ್ಲಿನ ಚಿತ್ರವೇ ಬೇಕಾಯಿತು. ಯಾಕಂದರೆ ಅಷ್ಟು ಹೊತ್ತಿಗೆ ಅದು ಪಾದ್ರಿಗಳ ಸೊತ್ತಾಗಿರದೆ ಹೊಲದಲ್ಲಿ ದುಡಿಯುವವರ ಮಾತಾಗಿಹೋಗಿತ್ತು. ಗೂಗಿ 2025ರಲ್ಲಿ ತೀರಿಕೊಂಡಾಗ ನಮ್ಮ ಪತ್ರಿಕೆಗಳು ಅವನ ಭಾಷಾಪ್ರೇಮದ ಬಗ್ಗೆ ಬಹಳ ಬರೆದವು. ಸೂಟಿನವರ ಬಗ್ಗೆ ಅಷ್ಟು ಬರೆಯಲಿಲ್ಲ.

ಮತ್ತೆ ಓಸುಗಳ ಹತ್ತಿರಕ್ಕೆ ಬರುತ್ತೇನೆ. ನನ್ನ ಮಟ್ಟಿಗೆ ಪರೀಕ್ಷೆ ಅಲ್ಲೇ ಇದೆ. ಧರ್ಮ ಬಿಳಿಯದೋ ಕರಿಯದೋ ಅನ್ನುವುದಲ್ಲ, ಜಡೆ ಬೋಳಿಸಿಕೊಂಡು ಒಳಗೆ ಹೋದವನ ಮಗಳಿಗೆ ಏನಾಯಿತು ಅನ್ನುವುದು.

ಅಚೆಬೆ ಆ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಿಲ್ಲ. 1960ರ 'ನೋ ಲಾಂಗರ್ ಅಟ್ ಈಸ್' ಕಾದಂಬರಿಯಲ್ಲಿ ನ್ವೋಯೆ ಮುದುಕನಾಗಿದ್ದಾನೆ. ಈಗ ಅವನ ಹೆಸರು ಐಸಾಕ್. ಜೀವನವೆಲ್ಲ ಚರ್ಚಿನ ಉಪದೇಶಿಯಾಗಿದ್ದವನು. ಮಗ ಓಬಿ ಇಂಗ್ಲೆಂಡಿನಲ್ಲಿ ಓದಿ ಬಂದು ಸರ್ಕಾರಿ ಹುದ್ದೆಯಲ್ಲಿದ್ದಾನೆ, ಕ್ಲಾರಾ ಅನ್ನುವ ನರ್ಸ್ ಹುಡುಗಿಯನ್ನು ಮೆಚ್ಚಿದ್ದಾನೆ. ಕ್ಲಾರಾ ಓಸು. ಅವಳ ಅಪ್ಪನೂ ಒಳ್ಳೆಯ ಕ್ರೈಸ್ತ ಅಂತ ಐಸಾಕನೇ ಒಪ್ಪುತ್ತಾನೆ. ಆದರೂ ಆಗದು. ಬೈಬಲ್ಲಿನ ನಾಮಾನನ ಕಥೆ ತೆಗೆಯುತ್ತಾನೆ: ಎಷ್ಟು ದೊಡ್ಡ ಸೇನಾಪತಿಯಾದರೂ ಅವನಿಗೆ ಕುಷ್ಠ ಇತ್ತಲ್ಲ, ಓಸು ಅನ್ನುವುದೂ ಹಾಗೆ. ನಾವು ಕ್ರೈಸ್ತರಲ್ಲವೇ ಅಂತ ಮಗ ಅಪ್ಪನ ಆಯುಧವನ್ನೇ ಅಪ್ಪನ ಮೇಲೆ ಎತ್ತುತ್ತಾನೆ. ಕಾಯಿಲೆ ಮಲಗಿದ ಅವ್ವ ಹೇಳುತ್ತಾಳೆ, ನಾನು ಬದುಕಿರುವಾಗ ಇವಳನ್ನು ಕಟ್ಟಿಕೊಂಡರೆ ಪ್ರಾಣ ಕಳೆದುಕೊಳ್ಳುತ್ತೇನೆ. ಅಲ್ಲಿಗೆ ಮುಗಿಯಿತು. ಕ್ಲಾರಾ ಬಸುರು ತೆಗೆಸಿಕೊಂಡು ಕಾಯಿಲೆ ಬಿದ್ದು ಕಥೆಯಿಂದ ಆಚೆ ಹೋಗುತ್ತಾಳೆ. ಅಂದು ಕತ್ತಲಲ್ಲಿ ಕೂತವರ ಹಾಡು ಕೇಳಿ ಅಪ್ಪನ ಮನೆ ಬಿಟ್ಟುಬಂದ ಹುಡುಗ, ಆ ಹಾಡನ್ನೇ ಬದುಕೆಲ್ಲ ಹಾಡಿ, ಕೊನೆಗೆ ಬಾಗಿಲಲ್ಲಿ ನಿಂತು ಒಬ್ಬಳನ್ನು ಕತ್ತಲಿಗೆ ತಳ್ಳಿದ. ಮೊದಲ ಕಾದಂಬರಿಯನ್ನು ಮಾತ್ರ ಓದುವವರು ಅಚೆಬೆಯನ್ನು ಅರ್ಧ ಓದಿದವರು.

1956ರಲ್ಲಿ ನೈಜೀರಿಯಾದ ಪೂರ್ವ ಪ್ರಾಂತದ ಶಾಸನಸಭೆ ಓಸು ಪದ್ಧತಿಯನ್ನು ಕಾನೂನಿನಿಂದ ತೆಗೆದುಹಾಕಿತು. ಅದೇ 1956ರ ಅಕ್ಟೋಬರಿನಲ್ಲಿ ಬಾಬಾಸಾಹೇಬರು ನಾಗಪುರದಲ್ಲಿ ಲಕ್ಷಾಂತರ ಜನರ ಜೊತೆ ಬೌದ್ಧರಾದರು. ಒಂದು ವರ್ಷ ಹಿಂದೆ ಇಲ್ಲಿಯೂ ಅಸ್ಪೃಶ್ಯತೆ ಅಪರಾಧ ಅನ್ನುವ ಕಾಯಿದೆ ಬಂದಿತ್ತು. ಕಾನೂನು ಬಂದರೆ ಜಡೆ ಬೋಳಿಸಬಹುದು, ಹೆಣ್ಣು ಕೊಡಿಸಲಾಗದು. ನಮ್ಮಜ್ಜಿಯ ತಂಗಿ ಮನೆಯವರು ಯಾವ ಕಾಲಕ್ಕೋ ಕ್ರೈಸ್ತರಾದವರು. ಅವರ ಊರಲ್ಲಿ ಹಿಂದೆ ಮೇಲುಜಾತಿಯಿಂದ ಕಿರಸ್ತಾನರಾದವರು ಇನ್ನೊಂದು ಸಾಲು. ಸ್ಮಶಾನದ ನಡುವೆ ಮೊಣಕಾಲೆತ್ತರದ ಗೋಡೆ. 'ಸತ್ತವರಿಗೆ ಗೋಡೆ ಯಾಕಜ್ಜಿ?' ಅಂತ ಚಿಕ್ಕಂದಿನಲ್ಲಿ ಕೇಳಿದ್ದೆ. 'ಮೇ ತಿನ್ನೋಕೆ ಆಡು ಬತ್ತವಲ್ಲಪ್ಪ, ಅದಕ್ಕೆ' ಅಂದಿದ್ದಳು. 1950ರ ರಾಷ್ಟ್ರಪತಿಗಳ ಆದೇಶದ ಮೂರನೇ ಪರಿಚ್ಛೇದ ಹಿಂದೂಗಳಲ್ಲದವರು ಪರಿಶಿಷ್ಟ ಜಾತಿಯಲ್ಲ ಅಂದಿತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿತು. ನಮ್ಮಜ್ಜಿಯ ತಂಗಿಯ ಮೊಮ್ಮಗ ಚರ್ಚಿನಲ್ಲಿ ಹೊಲೆಯ, ತಾಲ್ಲೂಕು ಕಚೇರಿಯಲ್ಲಿ ಅಲ್ಲ.

ಮೈಸೂರಲ್ಲಿ ಓದುವಾಗ ನನಗೊಬ್ಬ ಇಗ್ಬೊ ಹುಡುಗನ ಸ್ನೇಹವಾಗಿತ್ತು. ಫಾರ್ಮಸಿ ಓದಲು ಬಂದವನು. ಭಾನುವಾರ ಬಾಡಿಗೆ ಹಾಲಿನಲ್ಲಿ ಅವರ ಪ್ರಾರ್ಥನೆ ನಡೆಯುತ್ತಿತ್ತು. ಒಂದೆರಡು ಸಲ ನನ್ನನ್ನೂ ಕರೆದುಕೊಂಡು ಹೋಗಿದ್ದ. ಅವರು ಹಾಡುವುದಕ್ಕೆ ನಿಂತರೆ ಗೋಡೆಗಳೇ ಸರಿದು ಜಾಗ ಕೊಟ್ಟಂತೆ ಅನಿಸುತ್ತಿತ್ತು. ಒಂದು ಸಂಜೆ ಚಹಾದ ಅಂಗಡಿಯಲ್ಲಿ, ಓದಿದ್ದು ತಲೆಯಲ್ಲಿತ್ತಲ್ಲ, ಸುಮ್ಮನೆ ಕೇಳಿಬಿಟ್ಟೆ: ಓಸು ಅನ್ನೋದು ಈಗಲೂ ಇದೆಯಾ? ಅವನು ನಗುತ್ತಿದ್ದವನು ನಿಲ್ಲಿಸಿದ. ಆ ಮಾತು ನಿನಗೆ ಹೇಗೆ ಗೊತ್ತು ಅಂದ. ಕಾದಂಬರಿ ಅಂದೆ. ಬಹಳ ಹೊತ್ತು ಲೋಟ ತಿರುಗಿಸುತ್ತಾ ಕೂತಿದ್ದ. ಆಮೇಲೆ ಹೇಳಿದ. ಅವನ ಅಕ್ಕ ಲಾಗೋಸಿನಲ್ಲಿ ಒಬ್ಬ ಹುಡುಗನನ್ನು ಮೆಚ್ಚಿದ್ದಳಂತೆ. ಇಬ್ಬರೂ ಒಂದೇ ಚರ್ಚು, ಒಂದೇ ಹಾಡಿನ ಮೇಳ. ಪಾಸ್ಟರು ಆಶೀರ್ವಾದ ಮಾಡಿದ್ದರು. ಬಟ್ಟೆ ಹೊಲಿಸಲು ಕೊಟ್ಟಿದ್ದರು. ಆಮೇಲೆ ಎರಡೂ ಕಡೆಯ ಹಿರಿಯರು ಊರಿಗೆ ಹೋಗಿ ವಿಚಾರಿಸಿಕೊಂಡು ಬಂದರಂತೆ. ಮದುವೆಗೆ ಮುಂಚೆ ಊರಲ್ಲಿ ವಿಚಾರಿಸುವುದು ಅವರಲ್ಲಿ ಪದ್ಧತಿ. ಬಂದವರು ಯಾರ ಜೊತೆಯೂ ಮಾತಾಡಲಿಲ್ಲ. ಮದುವೆ ನಿಂತಿತು.

ನಿಲ್ಲಿಸಿದ್ದು ಅವನ ಮನೆಯವರೋ ಹುಡುಗನ ಮನೆಯವರೋ ಅಂತ ಅವನು ಹೇಳಲಿಲ್ಲ. ನಾನೂ ಕೇಳಲಿಲ್ಲ. ಅಲ್ಲಿಯವರೆಗೆ ಅವನು ನನ್ನ ಜಾತಿ ಕೇಳಿರಲಿಲ್ಲ, ಆವತ್ತೂ ಕೇಳಲಿಲ್ಲ. ಚಹಾಕ್ಕೆ ಅವನೇ ದುಡ್ಡು ಕೊಟ್ಟ.